ಬಾಲದ ತೂಕ

ವಿಮಾನ ಬಿದ್ದದ್ದು ಶನಿವಾರ ಬೆಳಿಗ್ಗೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ತಪ್ಪನ್ನು ನನ್ನ ತಲೆಗೆ ಕಟ್ಟಿಯಾಗಿತ್ತು. ಲಕ್ಷ್ಮಿಕಾಂತ ಬರೆದ ವರದಿಯಲ್ಲಿ ಕಾರಣ ಎಂಬ ಜಾಗದಲ್ಲಿ ಒಂದೇ ಸಾಲು ಇತ್ತು: ಹಾರುವಾಗ ರೆಕ್ಕೆ ಮುರಿದು ವಿಮಾನ ಬಿತ್ತು. ಪಕ್ಕದಲ್ಲಿ, ಯಾರ ಕೆಲಸ ಎಂಬ ಜಾಗದಲ್ಲಿ, ಸೌಂದರ್ಯಾ ಎಂದು ನನ್ನ ಹೆಸರು. ಅಷ್ಟು ದೊಡ್ಡ ಅಕ್ಷರದಲ್ಲಿ ಅವನು ನನ್ನ ಹೆಸರನ್ನು ಅದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ನಮ್ಮದು ಕೆ.ಆರ್. ಪುರದಿಂದ ಆಚೆಗಿನ ಒಂದು ಎಂಜಿನಿಯರಿಂಗ್ ಕಾಲೇಜು. ಏರೋನಾಟಿಕಲ್ ವಿಭಾಗದ ಮೂರನೇ ವರ್ಷದಲ್ಲಿ ಒಂದು ವಿಷಯಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ. ನಾಲ್ಕು ನಾಲ್ಕು ಜನ ಸೇರಿ ಒಂದು ಚಿಕ್ಕ ವಿಮಾನ ಮಾಡಬೇಕು. ಅದು ಅರ್ಧ ಕೇಜಿ ಭಾರ ಹೊತ್ತು ಮೈದಾನವನ್ನು ಮೂರು ಸುತ್ತು ಹಾಕಿ ಇಳಿಯಬೇಕು. ಪುಸ್ತಕ ಓದಿ ಕಲಿಯುವುದು ಬೇರೆ, ನಾಲ್ಕು ಜನರ ಜೊತೆ ಕೈಹಾಕಿ ಕಲಿಯುವುದು ಬೇರೆ ಎಂದು ಸುಜಾತಾ ಮೇಡಂ ಮೊದಲ ದಿನವೇ ಹೇಳಿದ್ದರು. ನಾಲ್ಕು ಜನರ ಜೊತೆ ಏನೇನು ಕಲಿಯಬೇಕಾಗುತ್ತದೆ ಎಂದು ಮಾತ್ರ ಹೇಳಿರಲಿಲ್ಲ.

ನಮ್ಮ ತಂಡಕ್ಕೆ ಲಕ್ಷ್ಮಿಕಾಂತ ಲೀಡರ್. ಅವನನ್ನು ಯಾರೂ ಆರಿಸಲಿಲ್ಲ. ಇಂದಿರಾನಗರದ ಅವನ ಮನೆಯಲ್ಲಿ ಒಂದು ಖಾಲಿ ಕಾರ್ ಶೆಡ್ ಇತ್ತು, ವಿಮಾನ ಇಡಲು ಜಾಗ ಬೇಕಿತ್ತು, ಅಷ್ಟಕ್ಕೇ ಅವನು ಲೀಡರ್ ಆಗಿಬಿಟ್ಟ. ಅವನ ಅಪ್ಪ ಕಲಬುರಗಿಯಿಂದ ಸರ್ಕಾರಿ ಎಂಜಿನಿಯರ್ ಆಗಿ ಬಂದವರು. ನನ್ನ ಅಪ್ಪ ಚಂದ್ರಾಮಪ್ಪ ಯಾದಗಿರಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವನು. ಸಿಮೆಂಟು ಸುರಿಯುವ ಮುಂಚೆ ಹಲಗೆ ಹೊಡೆದು ಛಾವಣಿಗೆ ಅಚ್ಚು ಕಟ್ಟುತ್ತಾನೆ. ಹಾಗಾಗಿ ಲಕ್ಷ್ಮಿಕಾಂತ ಏನಾದರೂ ಕೆಲಸ ಆಗಬೇಕಾದಾಗ ನನ್ನನ್ನು 'ನಮ್ಮ ಕಡೆ ಹುಡುಗಿ' ಅನ್ನುತ್ತಿದ್ದ. ಕಡೆ ಒಂದೇ ಇರಬಹುದು, ಆದರೆ ದೇವಸಂದ್ರದ ನಮ್ಮ ಬಾಡಿಗೆ ರೂಮಿಗಿಂತ ಅವನ ಕಾರ್ ಶೆಡ್ಡೇ ದೊಡ್ಡದು.

ರಿಮೋಟ್ ಹಿಡಿದು ವಿಮಾನ ಹಾರಿಸುವವನು ಶಿವಪುತ್ರ. ಲಕ್ಷ್ಮಿಕಾಂತ ಹೂಂ ಅಂದರೆ ಅವನೂ ಹೂಂ. ಮೋಟಾರು, ಬ್ಯಾಟರಿ, ವೈರುಗಳೆಲ್ಲ ಶಿವಾಜಿನಗರದ ನೌರೀನ್‌ದು. ರೆಕ್ಕೆ ನನ್ನದು.

ಆ ರೆಕ್ಕೆಗೆ ನಾನು ನಲವತ್ತು ದಿನ ಕೊಟ್ಟಿದ್ದೆ. ತೆಳು ಬಾಲ್ಸಾ ಮರದ ಮೂವತ್ತೆರಡು ಪಟ್ಟಿಗಳನ್ನು ಒಂದೊಂದಾಗಿ ಕೊಯ್ದು, ಉಜ್ಜಿ, ಅಪ್ಪ ಸೈಟಿನಲ್ಲಿ ಬಳಸುವ ದಾರ ಕಟ್ಟಿ ಸಾಲು ಹಿಡಿದು ಅಂಟಿಸಿದ್ದೆ. ಮುಗಿದ ಮೇಲೆ ರೆಕ್ಕೆಯನ್ನು ತಲೆಕೆಳಗು ಮಾಡಿ ಮರಳು ಹೇರಿ ನೋಡಬೇಕು. ಗಾಳಿಯಲ್ಲಿ ಬೀಳುವ ಭಾರವನ್ನು ತಡೆಯುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ. ಅಪ್ಪ ಸೈಟಿನಿಂದ ಮರಳು ತಂದ. ಅವ್ವ ಭೀಮಬಾಯಿ ಹಾಲಿನ ಖಾಲಿ ಪ್ಯಾಕೆಟ್ಟುಗಳಿಗೆ ಮರಳು ತುಂಬಿ ಬಾಯಿ ಹೊಲಿದುಕೊಟ್ಟಳು. ಆರು ಕೇಜಿ ಹೇರಿದೆವು. ರೆಕ್ಕೆ ಒಂದು ಬೆರಳಿನಷ್ಟು ಬಾಗಿತು, ಮರಳು ತೆಗೆದಾಗ ಮತ್ತೆ ನೆಟ್ಟಗಾಯಿತು. ಅಂಥ ರೆಕ್ಕೆ ಎರಡು ಕೇಜಿಯೂ ಇಲ್ಲದ ವಿಮಾನ ಹೊತ್ತು ಗಾಳಿಯಲ್ಲಿ ಮುರಿಯಿತಂತೆ.

ನಾನು ಕಣ್ಣಾರೆ ನೋಡಿದ್ದೆ. ನೆಲ ಬಿಟ್ಟ ಕೂಡಲೇ ವಿಮಾನದ ಮೂತಿ ಮೇಲೆದ್ದಿತು. ಶಿವಪುತ್ರ ಕೆಳಗೆ ತಿರುಗಿಸಿದರೂ ಕೇಳದೆ ಗೋಡೆ ಹತ್ತುವಂತೆ ಇನ್ನೂ ಮೇಲಕ್ಕೆ ಹೋಯಿತು, ಅಲ್ಲಿ ಒಂದು ಗಳಿಗೆ ನಿಂತು, ಎಡಕ್ಕೆ ವಾಲಿ ಬಿತ್ತು. ನೆಲಕ್ಕೆ ಬಡಿದು ರೆಕ್ಕೆ ಮುರಿಯಿತೇ ಹೊರತು ರೆಕ್ಕೆ ಮುರಿದು ನೆಲಕ್ಕೆ ಬೀಳಲಿಲ್ಲ. ಸಾಕ್ಷಿಗೆ ವಿಡಿಯೊ ಕೂಡ ಉಪಯೋಗಕ್ಕೆ ಬರುವುದಿಲ್ಲ. ಲಕ್ಷ್ಮಿಕಾಂತ ತೆಗೆದ ಆ ವಿಡಿಯೊದಲ್ಲಿ ಮೊದಲು ಅವನ ಮುಖ ಇದೆ, ಆಮೇಲೆ ಆಕಾಶ, ಆಮೇಲೆ ಹುಲ್ಲು.

ವರದಿ ಹಿಡಿದುಕೊಂಡು ಕ್ಯಾಂಟೀನಿಗೆ ಹೋದೆ. ಅವನು ಶಿವಪುತ್ರನ ಜೊತೆ ಪಫ್ಸ್ ತಿನ್ನುತ್ತಿದ್ದ.

"ಗಾಳೀಲಿ ರೆಕ್ಕೆ ಮುರಿದಿದ್ದನ್ನ ನೀನು ನೋಡಿದ್ಯಾ?" ಎಂದು ಕೇಳಿದೆ.

"ಏನೋ ಒಂದು ಕಾರಣ ಬರೀಬೇಕಲ್ಲ ಗುರು. ರೆಕ್ಕೆ ಮುರಿದಿರೋದು ಎಲ್ರಿಗೂ ಕಾಣ್ಸುತ್ತೆ."

"ಎಲ್ರಿಗೂ ಕಾಣೋದೆಲ್ಲ ಕಾರಣ ಆಗುತ್ತಾ?"

"ಪರ್ಸನಲ್ ಆಗಿ ತಗೋಬೇಡ. ಇನ್ನು ಎರಡು ವಾರಕ್ಕೆ ಚೇರ್ಮನ್ ಮುಂದೆ ಡೆಮೊ ಇದೆ. ಈ ಸಲ ರೆಡಿಮೇಡ್ ರೆಕ್ಕೆ ತರಿಸ್ಬಿಡ್ತೀನಿ. ನೀನು ಡಾಕ್ಯುಮೆಂಟೇಶನ್ ನೋಡ್ಕೋ. ನಿನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ."

ಮೈಯೆಲ್ಲ ಉರಿಯಿತು. ಮೂರು ವರ್ಷದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಲ್ಯಾಬಿನಲ್ಲಿ ಸ್ಕ್ರೂಡ್ರೈವರ್ ಹುಡುಗರ ಕೈಗೆ, ಪೆನ್ನು ನಮ್ಮ ಕೈಗೆ. ಅಕ್ಷರ ದುಂಡಗಿದ್ದದ್ದೇ ನನ್ನ ತಪ್ಪಾಯಿತು. ಆ ಪಫ್ಸಿನ ತಟ್ಟೆ ಎತ್ತಿ ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು, ಸುರಿಯಲಿಲ್ಲ.

"ಬಿದ್ದಿರೋ ವಿಮಾನ ಎಲ್ಲಿದೆ?" ಎಂದೆ.

"ಶೆಡ್ಡಲ್ಲಿ. ನಾಳೆ ಕಸದವನಿಗೆ ಹಾಕ್ತೀನಿ."

"ಹಾಕ್ಬೇಡ. ನಾನು ತಗೊಂಡು ಹೋಗ್ತೀನಿ."

ಸಿಟ್ಟಿನಲ್ಲೂ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ವಿಮಾನಕ್ಕೆ ತಕ್ಕಡಿಯ ಹಾಗೆ ತೂಗಿ ನಿಲ್ಲುವ ಒಂದು ಜಾಗ ಇರುತ್ತದೆ. ರೆಕ್ಕೆಯ ಕೆಳಗೆ ಎರಡು ಕಡೆ ಪೆನ್ನಿನಿಂದ ಗುರುತು ಹಾಕಿರುತ್ತೇವೆ, ಅಲ್ಲಿ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ನೆಟ್ಟಗೆ ನಿಲ್ಲಬೇಕು. ಬಾಲ ಕುಸಿದರೆ ಹಿಂದೆ ಭಾರ ಜಾಸ್ತಿ ಎಂದು ಅರ್ಥ, ಅಂಥ ವಿಮಾನ ಮೂತಿ ಎತ್ತಿಕೊಂಡೇ ಹೋಗುತ್ತದೆ, ಯಾರ ಮಾತೂ ಕೇಳುವುದಿಲ್ಲ. ಗುರುವಾರ ನಾವೆಲ್ಲ ತೂಗಿ ನೋಡಿದಾಗ ಅದು ನೆಟ್ಟಗಿತ್ತು, ಬಾಲ ಬರೀ ಬಿಳಿ ಇತ್ತು. ಶನಿವಾರ ಮೈದಾನಕ್ಕೆ ಬಂದಾಗ ಬಾಲ ಕಡುನೀಲಿಯಾಗಿ ಮಿರಮಿರ ಮಿಂಚುತ್ತಿತ್ತು. ಅದರ ಮೇಲೆ ಆಟೊಗಳ ಹಿಂದೆ ಇರುತ್ತದಲ್ಲ, ಅಂಥ ರೇಡಿಯಂ ಸ್ಟಿಕ್ಕರಿನಲ್ಲಿ ಕಾಲೇಜಿನ ಹೆಸರು, ಅದರ ಕೆಳಗೆ ಅಧ್ಯಕ್ಷರ ಹೆಸರು. ಶುಕ್ರವಾರ ಲಕ್ಷ್ಮಿಕಾಂತ ಶೆಡ್ಡಿನಲ್ಲಿ ಕೂತು ಮಾಡಿದ ಅಲಂಕಾರ ಅದು.

ನೌರೀನ್‌ಗೆ ಹೇಳಿದೆ. ಅವಳು ಜಾಸ್ತಿ ಮಾತಾಡುವವಳಲ್ಲ. "ನಮ್ಮ ಅಬ್ಬಾ ಅಂಗಡೀಲಿ ತೂಗೋಣ ಬಾ" ಅಂದಳು.

ಮಂಗಳವಾರ ಕ್ಲಾಸು ಮುಗಿಸಿ ಇಂದಿರಾನಗರಕ್ಕೆ ಹೋಗಿ, ಮುರಿದ ವಿಮಾನವನ್ನು ಅವ್ವನ ಕೌದಿಯಲ್ಲಿ ಸುತ್ತಿಕೊಂಡು ಮೆಟ್ರೊ ಹತ್ತಲು ಹೋದೆವು. ಕೌದಿಯಿಂದ ಬಾಲ ಹೊರಗೆ ಚಾಚಿಕೊಂಡಿತ್ತು. ಸ್ಟೇಷನ್ನಿನ ಗಾರ್ಡ್ ತಡೆದ.

"ಏನಮ್ಮ ಇದು?"

"ವಿಮಾನ ಸರ್, ಕಾಲೇಜಿಂದು" ಅಂದಳು ನೌರೀನ್.

"ಹಾರುತ್ತಾ?"

"ಹಾರೋ ಹಾಗಿದ್ರೆ ಮೆಟ್ರೋಗೆ ಯಾಕೆ ಬರ್ತಿದ್ವಿ" ಅಂದೆ ನಾನು. ಅವನು ನಕ್ಕು ಒಳಗೆ ಬಿಟ್ಟ. ನನಗೆ ನಗು ಬರಲಿಲ್ಲ. ಹಲಸೂರು ದಾಟುವವರೆಗೂ ಜನ ಆ ಬಾಲದ ಮೇಲಿನ ಹೆಸರನ್ನು ಓದುತ್ತಲೇ ಇದ್ದರು.

ನೌರೀನಳ ಅಪ್ಪ ಕಲೀಮುಲ್ಲಾ ಅವರದು ತಕ್ಕಡಿ ರಿಪೇರಿ ಅಂಗಡಿ. ರಸೆಲ್ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮೇಲೆ ಹಳೆಯ ಹಿತ್ತಾಳೆ ತಕ್ಕಡಿಗಳು ತೂಗಾಡುತ್ತಿದ್ದವು, ಕೆಳಗೆ ಚಿನ್ನದಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಅವರು ಕನ್ನಡಕ ಏರಿಸಿ ನಮ್ಮ ಗಂಟನ್ನು ನೋಡಿದರು.

"ಯಾರು ಹೊಡೆದ್ರು ಬೇಟಾ ಇದನ್ನ?"

"ಅದನ್ನೇ ತಿಳ್ಕೊಳ್ಳೋಕೆ ಬಂದಿದೀವಿ ಅಂಕಲ್."

ನಾನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಬಾಲವನ್ನು ಬಿಚ್ಚಿಸಿ ಚಿನ್ನದ ತಕ್ಕಡಿಯ ಮೇಲೆ ಇಟ್ಟರು. ಗುರುವಾರ ಬರೆದುಕೊಂಡ ತೂಕ ನೌರೀನಳ ಮೊಬೈಲಿನಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದೆವು. ಬಾಲ ಗುರುವಾರಕ್ಕಿಂತ ಐವತ್ತೆಂಟು ಗ್ರಾಮ್ ಹೆಚ್ಚು ಭಾರವಾಗಿತ್ತು. ಎರಡು ಕೋಟು ಆಯಿಲ್ ಪೇಂಟು, ಎರಡೂ ಬದಿಗೆ ಸ್ಟಿಕ್ಕರು.

"ಐವತ್ತೆಂಟು ಗ್ರಾಮು, ಒಂದು ಮೊಟ್ಟೆಯಷ್ಟು" ಅಂದಳು ನೌರೀನ್. "ಅಷ್ಟಕ್ಕೆ ಬೀಳುತ್ತಾ ಅಂತ ಲಕ್ಷ್ಮಿಕಾಂತ ಕೇಳ್ತಾನೆ ನೋಡು."

ಕಲೀಮುಲ್ಲಾ ಗೋಡೆಯ ಮೇಲಿದ್ದ ಕಬ್ಬಿಣದ ತೂಗುಕೋಲನ್ನು ಇಳಿಸಿದರು, ಗುಜರಿಯವರು ಹಿಡಿಯುವಂಥದು. ಹತ್ತಿರದ ಕೊಕ್ಕೆಗೆ ಒಂದು ಕೇಜಿಯ ಬಟ್ಟು ನೇತುಹಾಕಿ, ಕೋಲಿನ ಉದ್ದನೆಯ ಕಡೆಗೆ ಒಂದು ಚಿಕ್ಕ ಗುಂಡನ್ನು ಇಟ್ಟು ತುದಿಯವರೆಗೆ ಸರಿಸಿದರು. ಆ ಚಿಕ್ಕ ಗುಂಡು ಒಂದು ಕೇಜಿಯನ್ನು ಎತ್ತಿ ಹಿಡಿಯಿತು.

"ತೂಕ ಎಷ್ಟು ಅನ್ನೋದು ಒಂದು ಮಾತು ಬೇಟಾ. ಎಲ್ಲಿ ಕೂತಿದೆ ಅನ್ನೋದು ಇನ್ನೊಂದು ಮಾತು. ನಲವತ್ತು ವರ್ಷದಿಂದ ಈ ಮಾರ್ಕೆಟ್ಟಲ್ಲಿ ಮೋಸ ಮಾಡೋರೆಲ್ಲ ಎರಡನೇ ಮಾತಲ್ಲೇ ಮಾಡಿರೋದು."

ಬಾಲವನ್ನು ಮತ್ತೆ ಸಿಕ್ಕಿಸಿ, ಮುರಿದ ರೆಕ್ಕೆಯನ್ನು ದಾರದಿಂದ ಬಿಗಿದು, ಗುರುತಿನ ಕೆಳಗೆ ಬೆರಳು ಕೊಟ್ಟು ಎತ್ತಿದೆ. ಬಾಲ ಸೊರ್ರೆಂದು ಕುಸಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಖುಷಿ ನನಗೆ ಆ ವಾರದಲ್ಲಿ ಆಗಿರಲಿಲ್ಲ. ಮಾರನೆಯ ದಿನ ಲಕ್ಷ್ಮಿಕಾಂತನ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಳ್ಳುತ್ತಲೇ ಮನೆಗೆ ಬಂದೆ.

ಬುಧವಾರ ಸುಜಾತಾ ಮೇಡಂ ಮೇಜಿನ ಮೇಲೆ ಬಾಲವನ್ನೂ ತೂಕದ ಚೀಟಿಯನ್ನೂ ಇಟ್ಟೆ. ಅವರು ಗಮನವಿಟ್ಟು ನೋಡಿದರು, ಕ್ಯಾಲ್ಕುಲೇಟರ್ ತೆಗೆದು ತಾವೂ ಲೆಕ್ಕ ಹಾಕಿದರು. ತೂಗಿ ನಿಲ್ಲುವ ಜಾಗ ಎರಡೂವರೆ ಸೆಂಟಿಮೀಟರ್ ಹಿಂದಕ್ಕೆ ಹೋಗಿತ್ತು.

"ಸರಿಯಾಗಿ ಹಿಡಿದಿದೀಯ" ಅಂದರು. ಆಮೇಲೆ ಕಪಾಟಿನಿಂದ ನಮ್ಮ ತಂಡದ ಫೈಲು ತೆಗೆದು ಒಂದು ಹಾಳೆಯನ್ನು ನನ್ನ ಮುಂದೆ ತಿರುಗಿಸಿದರು. "ಇದು ನಿನ್ನ ಸಹಿ ತಾನೇ?"

ಶನಿವಾರದ ತಾರೀಖಿನ ಹಾಳೆ. ಹಾರಿಸುವ ಮುಂಚೆ ವಿಮಾನವನ್ನು ಬೆರಳ ಮೇಲೆ ತೂಗಿ ನೋಡಿದ್ದೇವೆ, ಸರಿಯಾಗಿದೆ ಎಂದು ಲಕ್ಷ್ಮಿಕಾಂತ ತುಂಬಿದ್ದ. ಕೆಳಗೆ ನಾಲ್ಕು ಸಹಿ.

ಅದು ಹೇಗೆ ಬಂತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸೋಮವಾರ ಕ್ಯಾಂಟೀನಿನಲ್ಲಿ ಕೂತು ಇಡೀ ವಾರದ ಖಾಲಿ ಹಾಳೆಗಳಿಗೆ ನಾವು ನಾಲ್ವರೂ ಸಹಿ ಹಾಕಿಬಿಡುತ್ತಿದ್ದೆವು. ಒಬ್ಬರು ದೇವಸಂದ್ರ, ಒಬ್ಬರು ಶಿವಾಜಿನಗರ, ದಿನಾ ಒಂದು ಹಾಳೆಗಾಗಿ ಒಬ್ಬರನ್ನೊಬ್ಬರು ಎಲ್ಲಿ ಹುಡುಕುವುದು? ನಮ್ಮ ಕ್ಲಾಸಿನ ಎಲ್ಲ ತಂಡಗಳೂ ಹಾಗೇ ಮಾಡುತ್ತಿದ್ದವು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ. ನಾಲ್ಕು ಸಹಿಗಳಲ್ಲಿ ನನ್ನದೇ ಎಲ್ಲಕ್ಕಿಂತ ಚೆಂದವಾಗಿತ್ತು.

"ಖಾಲಿ ಹಾಳೆಗೆ ಮೊದ್ಲೇ ಹಾಕಿದ್ವಿ ಮೇಡಂ."

"ಈ ಹಾಳೆ ನಿಜ ಅಂದ್ರೆ ತೂಕ ಸರಿ ಇತ್ತು, ರೆಕ್ಕೆನೇ ಕಾರಣ. ಸುಳ್ಳು ಅಂದ್ರೆ ಸುಳ್ಳು ಹೇಳಿದವರಲ್ಲಿ ನೀನೂ ಒಬ್ಳು. ಯಾವುದು ಅಂತ ಬರೀಲಿ?"

ಅವರು ದನಿ ಏರಿಸುವವರಲ್ಲ, ಏರಿಸಿದ್ದರೇ ಚೆನ್ನಾಗಿತ್ತು.

"ಅದೇ ರೆಕ್ಕೆನ ಇನ್ನೊಂದ್ಸಲ ಮಾಡು" ಅಂದರು. "ಡೆಮೊ ದಿನ ಮೂರು ಸುತ್ತು ಹಾರಿದ್ರೆ ರೆಕ್ಕೆ ಗಟ್ಟಿ ಅಂತ ಒಪ್ತೀನಿ. ಆಗ ವರದಿ ನೀನೇ ತಿದ್ದಿ ಬರಿ, ನಾಲ್ಕೂ ಜನರ ಸಹಿ ಹಾಕಿಸ್ಕೊಂಡು ಬಾ. ಹಾರದೆ ಹೋದ್ರೆ ಈಗ ಇರೋ ವರದಿನೇ ಉಳಿಯುತ್ತೆ, ರೆಕ್ಕೆಗೆ ನಿಂಗೆ ಸೊನ್ನೆ. ರೆಡಿಮೇಡ್ ರೆಕ್ಕೆ ತಂದ್ರೆ ನಾಲ್ವರಿಗೂ ಸೊನ್ನೆ ಅಂತ ಲಕ್ಷ್ಮಿಕಾಂತನಿಗೆ ಹೇಳು."

ಮನೆಗೆ ಬಂದು ಚೀಲವನ್ನು ಮೂಲೆಗೆ ಎಸೆದೆ. ಅಪ್ಪ ಇನ್ನೂ ಬಂದಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವ ಏನಾಯಿತು ಎಂದು ಕೇಳಿದಳು. ಲಕ್ಷ್ಮಿಕಾಂತನನ್ನು ಬಾಯಿಗೆ ಬಂದಂತೆ ಬೈಯುತ್ತ ಎಲ್ಲವನ್ನೂ ಹೇಳಿದೆ, ಸಹಿಯ ವಿಷಯವನ್ನು ಕೊನೆಗೆ, ಸ್ವಲ್ಪ ತಗ್ಗಿದ ದನಿಯಲ್ಲಿ. ಅವ್ವ ಬಡಿಯುವುದನ್ನು ನಿಲ್ಲಿಸಿದಳು.

"ನಾ ಹೆಬ್ಬಟ್ಟ ಒತ್ತಬೇಕಾದ್ರ ಮೊದ್ಲು ನಿನ್ನ ಕೈಲಿ ಓದಸ್ತೀನಿ. ನೀ ಓದಿದಾಕಿ, ಓದಲಾರ್ದೇ ಹಾಕಿದೇನು?"

"ಎಲ್ಲಾರೂ ಹಾಕ್ಯಾರವ್ವಾ."

"ಎಲ್ಲಾರ ಸುದ್ದಿ ನಾ ಕೇಳಿಲ್ಲ."

ಆ ದಿನ ನನಗೆ ಲಕ್ಷ್ಮಿಕಾಂತನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟೇ ಹೆಚ್ಚು. ಹಾಗಂತ ಅವನ ಮೇಲಿನದು ಕಮ್ಮಿಯಾಗಲಿಲ್ಲ.

ಹತ್ತೇ ದಿನದಲ್ಲಿ ಎರಡನೇ ರೆಕ್ಕೆ ಮಾಡಿದೆ. ಲಕ್ಷ್ಮಿಕಾಂತ ಗೊಣಗಿದ, ರೆಡಿಮೇಡ್ ಆಗಿದ್ದರೆ ಎಷ್ಟು ಫಿನಿಶಿಂಗ್ ಇರುತ್ತಿತ್ತು ಎಂದು ದಿನಕ್ಕೆರಡು ಸಲ ಹೇಳಿದ. ನಾನು ಅವನ ಶೆಡ್ಡಿಗೆ ಹೋಗಲಿಲ್ಲ, ನಮ್ಮ ರೂಮಿನಲ್ಲೇ ಮಂಚದ ಮೇಲೆ ಹಲಗೆ ಹಾಕಿ ಕೆಲಸ ಮಾಡಿದೆ. ಅಪ್ಪ ಒಂದು ಭಾನುವಾರ ಪೂರ್ತಿ ದಾರ ಹಿಡಿದು ಕೂತ. ನೌರೀನ್ ಹೊಸ ಬಾಲ ಮಾಡಿದಳು, ಬರೀ ಬಿಳಿ. ಅದನ್ನು ಅವಳ ಅಪ್ಪನೇ ತೂಗಿ, ಮಾರ್ಕೆಟಿನ ತಕ್ಕಡಿಗೆ ಮಾಡುವ ಹಾಗೆ ಚೀಟಿ ಅಂಟಿಸಿ ಕೊಟ್ಟಿದ್ದರು.

ಡೆಮೊ ದಿನ ಬೆಳಿಗ್ಗೆ ಎಂಟಕ್ಕೆ ಮೈದಾನದಲ್ಲಿ ಎಲ್ಲರೂ ಸೇರಿದೆವು. ಶಾಮಿಯಾನ, ಕುರ್ಚಿ, ಅಧ್ಯಕ್ಷರ ಫೋಟೊ ಇರುವ ಬ್ಯಾನರ್. ನಾಲ್ವರ ಎದುರಿಗೇ ವಿಮಾನವನ್ನು ಬೆರಳ ಮೇಲೆ ತೂಗಿ ನೋಡಿದೆವು, ನೆಟ್ಟಗೆ ನಿಂತಿತು. ವಿಮಾನದೊಳಗೆ ಇಡುವ ಅರ್ಧ ಕೇಜಿ ಭಾರ ಅವ್ವ ಹೊಲಿದ ಮರಳಿನ ಚೀಲ. ಅದನ್ನು ಮೇಡಂ ಎದುರಿಗೆ ತೂಗಿಸಿ ತರಲು ನಾನೂ ನೌರೀನ್ ಲ್ಯಾಬಿಗೆ ಹೋದೆವು. ಮೇಡಂ ಜೊತೆ ವಾಪಸ್ ಬರುವಷ್ಟರಲ್ಲಿ ಅಧ್ಯಕ್ಷರು ಬಂದಿದ್ದರು, ಪೂಜೆ ಮುಗಿದಿತ್ತು, ತೆಂಗಿನಕಾಯಿ ಒಡೆದಿತ್ತು. ವಿಮಾನದ ಬಾಲದ ಎರಡೂ ಬದಿಗೆ ಅದೇ ರೇಡಿಯಂ ಸ್ಟಿಕ್ಕರು. ಹಿಂದಿನ ಚಿಕ್ಕ ಚಕ್ರದ ಹತ್ತಿರ ಆಫೀಸಿನವರು ಯಾರೋ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು.

ಲಕ್ಷ್ಮಿಕಾಂತ ಹಾಳೆ ಹಿಡಿದು ಓಡಿ ಬಂದ. ತೂಗಿ ನೋಡಿದ್ದೇವೆ, ಸರಿಯಾಗಿದೆ. ಮೂರು ಸಹಿ ಆಗಿತ್ತು. ನೌರೀನ್ ಬೆಳಿಗ್ಗೆ ನೋಡಿದ ಕೂಡಲೇ ಹಾಕಿದ್ದಳು.

"ಬೇಗ ಹಾಕು, ಚೇರ್ಮನ್ ಕಾಯ್ತಾ ಇದಾರೆ."

"ಬಾಲಕ್ಕೆ ಏನು ಅಂಟಿಸಿದೀಯ?"

"ಬರೀ ಸ್ಟಿಕ್ಕರ್. ಪೇಂಟ್ ಇಲ್ಲವಲ್ಲ. ಬೆಳಿಗ್ಗೆ ನೋಡಿದ್ವಲ್ಲ ಗುರು."

"ಬೆಳಿಗ್ಗೆ ಇದೇನೂ ಇರ್ಲಿಲ್ಲ."

ನಾನು ಬಗ್ಗಿ ಮರಳಿನ ಚೀಲವನ್ನು ಅದರ ಜಾಗದಲ್ಲಿಟ್ಟು, ಗುರುತಿನ ಕೆಳಗೆ ಎರಡು ಬೆರಳು ಕೊಟ್ಟು ವಿಮಾನವನ್ನು ಎತ್ತಿದೆ. ಇಡೀ ಶಾಮಿಯಾನ ನೋಡುತ್ತಿತ್ತು. ಬಾಲ ಕುಸಿಯಿತು.

"ಸಹಿ ಹಾಕಲ್ಲ" ಅಂದೆ.

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ನಮ್ಮ ಕಡೆ ಹುಡುಗಿ ಆಗಿ ಹೀಗೆ ಮರ್ಯಾದೆ ತೆಗೀತೀಯಾ? ಒಂದು ಸೈನ್ ಅಷ್ಟೇ."

"ಹೋದ ಸಲನೂ ಒಂದು ಸೈನ್ ಅಷ್ಟೇ ಆಗಿತ್ತು. ನಿನ್ನ ಶೋಕಿಗೆ ನಲವತ್ತು ದಿನದ ಕೆಲಸ ಮಣ್ಣಾಯ್ತು. ಆಮೇಲೆ ನನ್ನ ಹೆಸರು ಬರೆದು ಕೈ ತೊಳ್ಕೊಂಡೆ. ನಿನ್ನ ಕಡೆನೂ ಬೇಡ, ನಿನ್ನ ಮರ್ಯಾದೆನೂ ಬೇಡ."

ದನಿ ಏರಿತ್ತು ಎಂದು ಕಾಣುತ್ತದೆ, ಮುಂದಿನ ಸಾಲಿನವರೆಲ್ಲ ಮಾತು ನಿಲ್ಲಿಸಿದರು. ನೌರೀನ್ ಅವನ ಕೈಯಿಂದ ಹಾಳೆ ತೆಗೆದುಕೊಂಡು ತನ್ನ ಸಹಿಯ ಮೇಲೆ ಗೀಟು ಎಳೆದಳು. ಶಿವಪುತ್ರ ರಿಮೋಟನ್ನು ನೆಲದ ಮೇಲಿಟ್ಟು ಆಕಾಶ ನೋಡುತ್ತ ನಿಂತ. ಲಕ್ಷ್ಮಿಕಾಂತ ಸುಜಾತಾ ಮೇಡಂ ಕಡೆ ತಿರುಗಿದ.

"ನಾಲ್ಕು ಸಹಿ ಇಲ್ಲದೆ ಹಾರಲ್ಲ" ಎಂದಷ್ಟೇ ಅವರು ಹೇಳಿದರು.

ನಾನು ಮೊದಲು ನಿಂಬೆಹಣ್ಣು ಬಿಚ್ಚಿದೆ. ಕಣ್ಣಿಗೆ ಒತ್ತಿಕೊಂಡು, ಹೊಸ ಗಾಡಿಗೆ ಇಡುವ ಹಾಗೆ ಮುಂದಿನ ಚಕ್ರದ ಕೆಳಗೆ ಇಟ್ಟೆ. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಆಮೇಲೆ ಅಧ್ಯಕ್ಷರ ಹೆಸರನ್ನು ಉಗುರಿನಿಂದ ಕೀಳತೊಡಗಿದೆ. ಅಂಟು ಹೊಸದು, ಸಲೀಸಾಗಿ ಬಂತು. ಅಧ್ಯಕ್ಷರು ಶಲ್ಯ ಸರಿಮಾಡಿಕೊಳ್ಳುತ್ತ ಎದ್ದು ಬಂದರು.

"ಯಾಕಮ್ಮ, ನನ್ನ ಹೆಸರು ಅಷ್ಟೊಂದು ಭಾರನಾ?"

ಹಿಂದೆ ಕೂತವರು ನಕ್ಕರು. ನಾನು ಸ್ಟಿಕ್ಕರುಗಳನ್ನು ಮಡಚಿ, ಮರಳು ತೂಗಿದ ಮೇಲೆ ಲ್ಯಾಬಿನಿಂದ ಜೊತೆಗೇ ತಂದಿದ್ದ ಚಿಕ್ಕ ತಕ್ಕಡಿಯ ಮೇಲೆ ಇಟ್ಟು ಅವರಿಗೆ ತೋರಿಸಿದೆ.

"ಇಪ್ಪತ್ತೆರಡು ಗ್ರಾಮ್ ಸರ್. ಜೇಬಲ್ಲಿದ್ರೆ ಏನೂ ಅಲ್ಲ. ಬಾಲದ ತುದೀಲಿದ್ರೆ ನಿಂಬೆಹಣ್ಣಿನ ಜೊತೆ ಸೇರಿ ಬೀಳ್ಸುತ್ತೆ."

ಅವರು ತಕ್ಕಡಿಯನ್ನು ನೋಡಿ, ನನ್ನನ್ನು ನೋಡಿ, ಹೋಗಿ ಕೂತರು. ನಾಲ್ವರೂ ಮತ್ತೊಮ್ಮೆ ಬೆರಳು ಕೊಟ್ಟು ನೋಡಿದೆವು. ವಿಮಾನ ನೆಟ್ಟಗೆ ನಿಂತಿತು. ಹೊಸ ಹಾಳೆಗೆ ನಾನು ಕೊನೆಯಲ್ಲಿ ಸಹಿ ಹಾಕಿದೆ, ಪಕ್ಕದಲ್ಲಿ ಗಂಟೆ ನಿಮಿಷವನ್ನೂ ಬರೆದೆ.

ವಿಮಾನ ನಿಂಬೆಹಣ್ಣು ದಾಟಿ ಓಡಿತು, ಎದ್ದಿತು, ಎಷ್ಟು ಬೇಕೋ ಅಷ್ಟೇ ಮೂತಿ ಎತ್ತಿತು. ಒಂದು ಸುತ್ತು, ಎರಡು ಸುತ್ತು, ಮೂರು. ತಿರುವಿನಲ್ಲಿ ರೆಕ್ಕೆ ಒಂದು ಬೆರಳಿನಷ್ಟು ಬಾಗುವುದು ನನಗೆ ಕೆಳಗಿನಿಂದಲೂ ಕಂಡಿತು. ಇಳಿದು, ಹುಲ್ಲಿನ ಮೇಲೆ ಸ್ವಲ್ಪ ದೂರ ಉರುಳಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಿಟ್ಟೇ ಬಂತು. ಮೊದಲನೆಯದೂ ಹೀಗೇ ಹಾರುತ್ತಿತ್ತು. ಇಷ್ಟು ಚೆಂದ ಹಾರುವುದನ್ನು ಸುಮ್ಮಸುಮ್ಮನೆ ನೆಲಕ್ಕೆ ಬಡಿದೆವಲ್ಲ ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಲಕ್ಷ್ಮಿಕಾಂತ ಅಧ್ಯಕ್ಷರ ಪಕ್ಕದಲ್ಲಿ ವಿಮಾನ ಹಿಡಿದು ಫೋಟೊಗೆ ನಿಂತಿದ್ದ. ಕಿತ್ತ ಸ್ಟಿಕ್ಕರನ್ನು ಬಾಲದ ಮುಂದೆ ಶಿವಪುತ್ರ ಕೈಯಲ್ಲಿ ಹಿಡಿದಿದ್ದ.

ಅವತ್ತು ಮನೆಯಲ್ಲಿ ಕೂತು ವರದಿ ತಿದ್ದಿ ಬರೆದೆ. ಒಂದೊಂದು ಅಕ್ಷರವನ್ನೂ ದುಂಡಗೆ, ಬಿಡಿಸಿ ಬರೆದೆ. ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಕೇಳಿ, "ನಿನ್ನ ಹೆಸರೂ ಹಾಕಿದಿ?" ಅಂದಳು. ಹಾಕಿದ್ದೆ.

ಸೋಮವಾರ ಕ್ಯಾಂಟೀನಿನಲ್ಲಿ ನಾಲ್ವರೂ ಸಿಕ್ಕೆವು. ನಾನು ಮೊದಲು ಸಹಿ ಹಾಕಿದೆ. ನೌರೀನ್ ನಿಧಾನಕ್ಕೆ ಓದಿ ಹಾಕಿದಳು. ಶಿವಪುತ್ರ ಓದಿ, ನನ್ನನ್ನೊಮ್ಮೆ ಲಕ್ಷ್ಮಿಕಾಂತನನ್ನೊಮ್ಮೆ ನೋಡಿ, ಹಾಕಿದ. ಲಕ್ಷ್ಮಿಕಾಂತ ಎಡಗೈಯಲ್ಲಿ ಮೊಬೈಲ್ ಹಿಡಿದು ಅಧ್ಯಕ್ಷರ ಜೊತೆಗಿನ ಫೋಟೊಗೆ ಯಾರ್ಯಾರು ಏನೇನು ಬರೆದಿದ್ದಾರೆ ಎಂದು ನೋಡುತ್ತಿದ್ದ. ಬಲಗೈ ಪೆನ್ನಿಗಾಗಿ ಚಾಚಿದ.

"ಓದಿ ಹಾಕು" ಅಂದೆ.

"ನೀನೇ ಬರ್ದಿದ್ಮೇಲೆ ಓದೋದೇನು ಬಿಡು."

"ಲಕ್ಷ್ಮಿಕಾಂತ, ಓದು. ಆಮೇಲೆ ಹಾಕು."

"ಹ್ಯಾಂಡ್‌ರೈಟಿಂಗ್ ಸೂಪರ್ ಆಗಿದೆ" ಎಂದು ನಕ್ಕು, ಕೆಳಗೆ ಖಾಲಿ ಇದ್ದ ಜಾಗದಲ್ಲಿ ಸಹಿ ಗೀಚಿ ಹಾಳೆಯನ್ನು ನನ್ನ ಕಡೆ ತಳ್ಳಿದ.

ಆಗ ನಾನೇ ಓದಿದೆ, ಪಕ್ಕದ ಮೇಜಿಗೂ ಕೇಳುವ ಹಾಗೆ. ಶುಕ್ರವಾರ ಲಕ್ಷ್ಮಿಕಾಂತ ವಿಮಾನದ ಬಾಲಕ್ಕೆ ಬಣ್ಣ ಬಳಿದು ಸ್ಟಿಕ್ಕರ್ ಅಂಟಿಸಿದ. ಬಾಲದ ಭಾರ ಐವತ್ತೆಂಟು ಗ್ರಾಮ್ ಹೆಚ್ಚಾಯಿತು. ಆಮೇಲೆ ಯಾರೂ ತೂಗಿ ನೋಡಲಿಲ್ಲ. ತೂಗಿ ನೋಡಿದ್ದೇವೆ ಎಂಬ ಹಾಳೆಗೆ ಲಕ್ಷ್ಮಿಕಾಂತ, ಶಿವಪುತ್ರ, ನೌರೀನ್, ಸೌಂದರ್ಯಾ ಮೊದಲೇ ಸಹಿ ಹಾಕಿದ್ದರು, ನಾಲ್ವರದೂ ಸುಳ್ಳು ಸಹಿ. ವಿಮಾನ ಬಿದ್ದದ್ದು ಬಾಲದ ಭಾರಕ್ಕೆ. ರೆಕ್ಕೆ ಗಾಳಿಯಲ್ಲಿ ಮುರಿಯಲಿಲ್ಲ, ನೆಲಕ್ಕೆ ಬಡಿದು ಮುರಿಯಿತು. ತಂಡದ ಲೀಡರ್ ಏನನ್ನೂ ಪರೀಕ್ಷಿಸದೆ ತಪ್ಪು ಕಾರಣ ಬರೆದ.

ಮೊಬೈಲು ಹಿಡಿದ ಅವನ ಕೈ ಮೇಜಿನ ಮೇಲೆ ಇಳಿಯಿತು.

"ಆ ಹಾಳೆ ಇಲ್ಲಿ ಕೊಡು" ಅಂದ.

"ಯಾಕೆ?"

"ನಾನು ನೋಡಿರ್ಲಿಲ್ಲ. ಬೇರೆ ಬರೆಯೋಣ."

ನಾನು ಹಾಳೆಯನ್ನು ಕೈಬಿಡದೆ ಅವನ ಕಡೆಗೆ ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟೆ.

"ಇದು ನಿನ್ನ ಸಹಿ ತಾನೇ?"

ಅವನು ಶಿವಪುತ್ರನನ್ನು ನೋಡಿದ. ಶಿವಪುತ್ರ ತಟ್ಟೆ ನೋಡುತ್ತಿದ್ದ. ಪಕ್ಕದ ಮೇಜಿನಲ್ಲಿ ಬೇರೆ ತಂಡದವರು ತಮ್ಮ ವಾರದ ಹಾಳೆಗಳನ್ನು ಮುಂದಿಟ್ಟುಕೊಂಡು, ಪೆನ್ನು ಹಿಡಿದವರು ಹಿಡಿದಂತೆಯೇ ನಮ್ಮನ್ನು ನೋಡುತ್ತಿದ್ದರು.

"ಹೌದು" ಅಂದ ಲಕ್ಷ್ಮಿಕಾಂತ.

ಹಾಳೆಯನ್ನು ಫೈಲಿಗೆ ಹಾಕಿಕೊಂಡು ಸುಜಾತಾ ಮೇಡಂ ರೂಮಿನ ಕಡೆ ನಡೆದೆ.